ಬಲತೋಳಿನ ಅಳತೆ

ದರ್ಜಿಯಮ್ಮನ ಮನೆಯ ಮುಂಭಾಗದಲ್ಲಿ ಎರಡು ಅಂಗಡಿ. ಒಂದರಲ್ಲಿ ಅವಳ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಮೂಳೆ ಕಟ್ಟುವ ಅವಳ ಗಂಡ. ಊರವರು ಅವನನ್ನು 'ಕೈಗುಣ' ಎಂದೇ ಕರೆಯುತ್ತಿದ್ದರು. ಮುರಿದದ್ದು ಯಾವುದೇ ಇರಲಿ, ಎಳೆದು, ನೀವಿ, ಬಿದಿರುಪಟ್ಟಿ ಇಟ್ಟು ಬಿಗಿದು, ನಲವತ್ತನೆಯ ದಿನ ಬಿಚ್ಚುತ್ತಿದ್ದ. ನೆಟ್ಟಗಿದ್ದರೆ ಮುಗಿಯಿತು. ಆಮೇಲೆ ಆ ಮೂಳೆ ಏನಾಯಿತೆಂದು ವಿಚಾರಿಸುವ ಅಭ್ಯಾಸವಿರಲಿಲ್ಲ. ಮಾರಿದ ಸರಕಿನ ಹಿಂದೆ ಯಾವ ವ್ಯಾಪಾರಿ ಓಡುತ್ತಾನೆ?

ಮಗಳು ಎಂಟನೆಯ ವಯಸ್ಸಿನಲ್ಲಿ ಮೆಟ್ಟಿಲಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಅಪ್ಪನೇ ಮೂಳೆ ಕಟ್ಟುವವನಾಗಿರುವಾಗ ಆಸ್ಪತ್ರೆಯ ಮಾತು ಎತ್ತುವವರಾರು? ದೊಡ್ಡವರ ಕೈ ಎಳೆದಂತೆಯೇ ಮಗುವಿನದನ್ನೂ ಮೂರು ಸಲ ಎಳೆದ. ಬಿಚ್ಚಿದ ದಿನ ಕೈ ನೆಟ್ಟಗಿತ್ತು. ಬೀದಿಗೆಲ್ಲ ತೋರಿಸಿ ಬಂದ.

ಮರುವರ್ಷ ಶಾಲೆಯ ತುಂಬುತೋಳಿನ ಅಂಗಿ ಹೊಲಿಯುವಾಗ ಬಲಗೈ ಕಾಲಿಂಚು ಕಡಿಮೆ ಬಂತು.

"ರೀ, ಇಲ್ಲಿ ನೋಡಿ. ಇವಳ ಕೈ ಗಿಡ್ಡ ಆಗಿದೆ."

"ನಿನ್ನ ಟೇಪು ಹಿಗ್ಗಿದೆ, ಹೊಸದು ತಗೋ."

ಟೇಪು ಹಿಗ್ಗಿದ್ದರೆ ಎರಡೂ ಕೈಗೆ ಹಿಗ್ಗಬೇಕಲ್ಲ! ಆದರೆ ಗಂಡನ ಮುಂದೆ ಗಿರಾಕಿಗಳು ಕೂತಿದ್ದರು. ಅವಳು ಬಾಯಿ ಮುಚ್ಚಿಕೊಂಡು, ಅಳತೆ ಪುಸ್ತಕದಲ್ಲಿ ಬರೆದುಕೊಂಡು, ಬಲತೋಳನ್ನು ಕಾಲಿಂಚು ಗಿಡ್ಡ ಹೊಲಿದಳು. ಮುಂದೆ ಅರ್ಧ ಇಂಚು, ಆಮೇಲೆ ಮುಕ್ಕಾಲು. ಮಣಿಕಟ್ಟು ಹೆಬ್ಬೆರಳಿನ ಕಡೆಗೆ ವಾಲತೊಡಗಿದಾಗ ತೋಳಿನ ತುದಿಯನ್ನು ಅಗಲ ಮಾಡಿದಳು. ಕೆಲಸ ಎಷ್ಟು ನಾಜೂಕೆಂದರೆ, ಊರಿಗಿರಲಿ, ಹೆತ್ತಪ್ಪನಿಗೂ ಕಾಣಲಿಲ್ಲ.

ಎರಡು ಕೈಗಳ ವ್ಯತ್ಯಾಸ ಹೆಚ್ಚುವುದೊಂದು ನಿಂತರೆ ಸಾಕೆಂದು ಅವಳು ಕಾದಳು. ಮಗಳಿಗೆ ಹದಿನೇಳಾದಾಗ ನಿಂತಿತು. ಹೋದ ವರ್ಷ ಒಂದೂವರೆ ಇಂಚು, ಈ ವರ್ಷವೂ ಒಂದೂವರೆ! ವಾಸಿಯಾಗುತ್ತಿದೆ ಅಂದುಕೊಂಡಳು. ಬರೆಯುವಾಗ ನೋವೆಂದು ಮಗಳು ವರ್ಷಗಟ್ಟಲೆ ಗೊಣಗಿದ್ದಳು. ಈಗ ಆಸ್ಪತ್ರೆಗೆ ಕರೆದೊಯ್ಯಲು ಧೈರ್ಯ ಬಂತು.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಮಕ್ಕಳ ಮೂಳೆ ತುದಿ ಹತ್ರ ಒಂದು ಮೆತ್ತನೆ ಪಟ್ಟಿ ಇರುತ್ತಮ್ಮ. ಮೂಳೆ ಉದ್ದ ಆಗೋದು ಅಲ್ಲಿಂದ. ಬಿದ್ದಾಗ ಅದಕ್ಕೇ ಪೆಟ್ಟಾಗಿದೆ, ಎಳೆದೆಳೆದು ಇನ್ನೂ ಕೆಡಿಸಿದ್ದಾರೆ. ಮುಂಗೈಯಲ್ಲಿ ಎರಡು ಮೂಳೆ. ಒಂದು ನಿಂತ್ಹೋಯ್ತು, ಇನ್ನೊಂದು ಬೆಳೀತಾ ಹೋಯ್ತು. ಅದಕ್ಕೇ ವಾಲಿದೆ."

"ಈಗ ನಿಂತಿದೆ ಡಾಕ್ಟ್ರೇ! ಅಳತೆ ಬದಲಾಗಿಲ್ಲ."

"ನಿಂತಿರೋದು ತೊಂದರೆ ಅಲ್ಲಮ್ಮ, ಬೆಳವಣಿಗೆಯೇ ನಿಂತಿದೆ. ಎರಡರಲ್ಲೂ ಪಟ್ಟಿ ಗಟ್ಟಿಯಾಗಿದೆ. ಬೆಳೆಯೋ ವಯಸ್ಸಲ್ಲಿ ತಂದಿದ್ರೆ ದಾರಿಗೆ ತರಬಹುದಿತ್ತು. ಈಗ ಆಪರೇಷನ್ ಮಾಡಿ ಒಂದಿಷ್ಟು ನೇರ ಮಾಡಬಹುದು, ಉದ್ದ ಪೂರ್ತಿ ಬರಲ್ಲ. ಇಷ್ಟು ವರ್ಷ ಯಾರಿಗೂ ಗೊತ್ತಾಗ್ಲಿಲ್ವಾ?"

ಉತ್ತರ ಕೊಟ್ಟದ್ದು ಮಗಳು. "ಅಮ್ಮನಿಗೆ ಗೊತ್ತಿತ್ತು. ವರ್ಷ ವರ್ಷ ಬರೆದಿಟ್ಟಿದ್ದಾಳೆ."

ಮನೆಯಲ್ಲಿ ಕೈಗುಣ ಸಿಡುಕಿದ. "ನಾನು ಬಿಚ್ಚಿದ ದಿನ ನೆಟ್ಟಗಿತ್ತು ತಾನೆ? ಆಮೇಲೆ ನೀವೇನು ಮಾಡ್ಕೊಂಡ್ರೋ!"

ಮಗಳು ಅವನತ್ತ ತಿರುಗಲೂ ಇಲ್ಲ. ಹೊಸ ಅಂಗಿಯ ಬಟ್ಟೆಯನ್ನು ತಂದು ಅಮ್ಮನ ಮುಂದೆ ಹರವಿದಳು. "ಅಪ್ಪ ನೋಡ್ಲೇ ಇಲ್ಲ. ನೀನು ನೋಡಿಯೂ ಮುಚ್ಚಿ ಹೊಲಿದೆ. ಈ ಸಲ ಎರಡೂ ತೋಳು ಒಂದೇ ಉದ್ದ ಇರಲಿ."

"ಎಲ್ರಿಗೂ ಕಾಣುತ್ತೆ ಕಣೇ."

"ಕಾಣಲಿ."

ದರ್ಜಿಯಮ್ಮ ಸೀಮೆಸುಣ್ಣ ಹಿಡಿದಳು. ರೂಢಿಯ ಕೈ, ಬಲತೋಳಿಗೆ ಬಂದಾಗ ಒಂದೂವರೆ ಇಂಚು ಹಿಂದಕ್ಕೇ ಗೆರೆ ಎಳೆಯಿತು. ಮಗಳು ಅದನ್ನು ಹೆಬ್ಬೆರಳಿಂದ ಒರೆಸಿ, ಅಮ್ಮ ಕತ್ತರಿಸಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಳು.