ತಂದೆಯ ಹೆಸರು: ವಸಂತ

ಮಡಂತ್ಯಾರಿನ ಬೀಡಿ ಬ್ರಾಂಚಿನಲ್ಲಿ ಲೋಲಾಕ್ಷಿಯ ಕಟ್ಟು ಬಂತೆಂದರೆ ಚೆಕ್ಕರ್ ಅದನ್ನು ಬಿಚ್ಚಿ ನೋಡುವ ಗೋಜಿಗೂ ಹೋಗುತ್ತಿರಲಿಲ್ಲ. ಹದಿನಾರರ ಪ್ರಾಯದಿಂದ ಪಳಗಿದ ಕೈ ಅದು. ಎಲೆ ಕತ್ತರಿಸುತ್ತ ಟಿವಿ ನೋಡುವಳು, ನೂಲು ಸುತ್ತುತ್ತ ಮಗಳ ಮಗ್ಗಿ ತಿದ್ದುವಳು, ಆದರೂ ಒಂದು ಬೀಡಿ ಸಡಿಲಾಗುವುದಿಲ್ಲ. ಅಂಥವಳು ಕಾಗದದ ಒಂದು ಸಾಲಿಗೆ ಬೆವರಿದ ಕತೆ ಇದು.

ಅವಳ ಮೊದಲ ಗಂಡ ಲಾರಿ ಡ್ರೈವರ್. ಮಗಳು ವಿಸ್ಮಿತಾಳಿಗೆ ಎಂಟು ತಿಂಗಳಿರುವಾಗ ಅಪಘಾತದಲ್ಲಿ ಹೋಗಿಬಿಟ್ಟ. ಕೂಸನ್ನು ಎತ್ತಿಕೊಂಡು ತವರಿಗೆ ಬಂದವಳನ್ನು ಅಣ್ಣ ವಸಂತ ಒಂದು ಮಾತೂ ಕೇಳದೆ ಒಳಗೆ ಕರೆದುಕೊಂಡ. ವಸಂತನದ್ದು ಆಟೋ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವನಿಗೆ ಮಕ್ಕಳಿರಲಿಲ್ಲ. ವಿಸ್ಮಿತಾಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋದವನು ಅವನೇ. ಮಾಸ್ಟ್ರು ತಂದೆಯ ಹೆಸರು ಕೇಳಿದಾಗ ಕ್ಷಣವೂ ತಡೆಯದೆ "ವಸಂತ" ಎಂದ. ರೇಷನ್ ಕಾರ್ಡಿಗೂ ಮಗಳೆಂದೇ ಸೇರಿಸಿದ.

ಅದು ಸುಳ್ಳೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಈ ಕಡೆ ಕುಲಕ್ಕೆ ಬರಿ ಎನ್ನುತ್ತಾರೆ. ಅದು ಬರುವುದು ತಾಯಿಯಿಂದ. ಹಾಗಾಗಿ ಮಗುವಿನ ಬರಿ ಅಪ್ಪನದ್ದಲ್ಲ, ಸೋದರಮಾವನದ್ದು. ಮಾವನೇ ಹಿರಿಯ, ಮಾವನೇ ದಿಕ್ಕು. ಖಾಲಿ ಬಿದ್ದ ಜಾಗದಲ್ಲಿ ಅವನ ಹೆಸರು ಬರೆದರೆ ಏನು ಹೋಯಿತು? ಲೋಲಾಕ್ಷಿ ಅಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಸರಕಾರಿ ಕಾಗದಕ್ಕೆ ಬರಿಯೂ ಗೊತ್ತಿಲ್ಲ, ಮಾವನೂ ಗೊತ್ತಿಲ್ಲ ಎಂಬುದು ಆಗ ಯಾರಿಗೆ ಹೊಳೆಯಬೇಕು ಹೇಳಿ.

ವಿಸ್ಮಿತಾಳಿಗೆ ಒಂಬತ್ತು ತುಂಬಿದ ಮೇಲೆ ಧರ್ಣಪ್ಪನ ಸಂಬಂಧ ಬಂತು. ಮೂಡುಬಿದಿರೆ ಕಡೆಯವ, ಹೆಂಡತಿ ತೀರಿಹೋದವ, ಕೆನಡಾದ ಒಂದು ಹೋಟೆಲಿನಲ್ಲಿ ಅಡುಗೆಯವ. ಇಪ್ಪತ್ತೆರಡು ದಿನದ ರಜೆಯಲ್ಲಿ ಬಂದು, ನೋಡಿ, ಒಪ್ಪಿ, ಮದುವೆ ರಿಜಿಸ್ಟರ್ ಮಾಡಿಸಿ ಹೊರಟ. ಮಾತು ಕಡಿಮೆಯ ಮನುಷ್ಯ. ಹೋಗುವ ದಿನ ವಿಸ್ಮಿತಾಳ ಕೈಗೆ ಒಂದು ಡಬ್ಬಿ ಬಣ್ಣದ ಪೆನ್ಸಿಲು ಕೊಟ್ಟು, "ಈಗ ನಾನು ಇಬ್ಬರ ಜೊತೆ ಒಂದು ರೂಮಿನಲ್ಲಿ ಇದ್ದೇನೆ. ಮೊದಲು ನಿನ್ನ ಅಮ್ಮ ಬರಲಿ, ಒಂದು ಮನೆ ಮಾಡ್ತೇವೆ. ಒಂದು ವರ್ಷದಲ್ಲಿ ನಿನ್ನನ್ನೂ ಕರ್ಕೊಳ್ತೇವೆ" ಎಂದ. ಆ ಒಂದು ವರ್ಷದ ಮಾತಿಗೇ ಲೋಲಾಕ್ಷಿ ಹೂಂ ಅಂದದ್ದು.

ವೀಸಾದ ಅರ್ಜಿ ತುಂಬಲು ಮೂಡುಬಿದಿರೆಯಲ್ಲಿ ಪ್ರಭಾಚಂದ್ರ ಎಂಬವರ ಆಫೀಸು. ದಾಖಲೆಗಳನ್ನು ತಿರುವಿ ಹಾಕಿದ ಅವರು, "ಕಾಗದದಲ್ಲಿ ಮಗು ನಿಮ್ಮ ಅಣ್ಣನದ್ದು. ಇದನ್ನು ಕೆದಕಿದರೆ ಅರ್ಜಿಯೇ ಅಡ್ಡ ಬೀಳ್ತದೆ. ಮಕ್ಕಳಿಲ್ಲ ಅಂತ ಹಾಕುವ. ಮಗುವಿನದ್ದು ಆಮೇಲೆ ನೋಡಿಕೊಳ್ಳುವ" ಎಂದರು. ಜೊತೆಗೆ ಬಂದಿದ್ದ ವಸಂತ ಕೂಡಲೇ ತಲೆಯಾಡಿಸಿದ. ತಿಳಿದವರು ಹೇಳಿದ್ದಲ್ಲವೇ ಎಂದು ಲೋಲಾಕ್ಷಿಯೂ ಒಪ್ಪಿದಳು.

ವಾರದ ಮೇಲೆ ಆ ಆಫೀಸಿನ ಹುಡುಗಿ ಅನಿಷಾ ಫೋನು ಮಾಡಿ ಅವಳೊಬ್ಬಳನ್ನೇ ಕರೆಸಿದಳು. ಪ್ರಭಾಚಂದ್ರ ಊರಲ್ಲಿರಲಿಲ್ಲ. ಅನಿಷಾ ಫೈಲಿನಿಂದ ಲೋಲಾಕ್ಷಿಯ ಬೀಡಿ ಪಿಎಫ್‌ನ ಕಾಗದ ಎಳೆದು ತೋರಿಸಿದಳು.

"ಅಕ್ಕಾ, ಇದರಲ್ಲಿ ನಾಮಿನಿ ವಿಸ್ಮಿತಾ, ಸಂಬಂಧ ಮಗಳು ಅಂತ ಉಂಟು. ಅರ್ಜಿಯಲ್ಲಿ ನೋಡಿದ್ರೆ ಮಕ್ಕಳಿಲ್ಲ. ಯಾವುದು ಸರಿ?"

"ನನ್ನ ಮಗಳೇ ಮಾರಾಯ್ತಿ. ನಾನೇ ಹೆತ್ತದ್ದು."

ಅನಿಷಾ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹಾಗಾದ್ರೆ ದಯವಿಟ್ಟು ಇಲ್ಲ ಅಂತ ಹಾಕ್ಬೇಡಿ. ಈಗ ಹೆಸರು ಹೇಳದ ಮಗುವನ್ನು ಆಮೇಲೆ ಕರೆಸಿಕೊಳ್ಳಲಿಕ್ಕೆ ಬಿಡುವುದಿಲ್ಲ. ನಿಯಮದಲ್ಲೇ ಉಂಟು, ನಾನು ಓದಿದ್ದೇನೆ. ಜೊತೆಗೆ ಬರದಿದ್ರೂ ಹೆಸರು ಇರ್ಬೇಕು."

ಲೋಲಾಕ್ಷಿಗೆ ಈಗ ಅರ್ಥವಾಯಿತು. ತಾನು ಸೈ ಹಾಕಲು ಹೊರಟದ್ದು ಮಗಳನ್ನು ಕರೆಸಿಕೊಳ್ಳುವ ಅರ್ಜಿಯ ಮೊದಲ ಹೆಜ್ಜೆಗಲ್ಲ, ಮಗಳನ್ನು ಅಳಿಸುವುದಕ್ಕೆ. ಇಷ್ಟು ವರ್ಷದಲ್ಲಿ ವಿಸ್ಮಿತಾ ತನ್ನವಳೆಂದು ಹೇಳುವ ಕಾಗದ ಆ ಫೈಲಿನಲ್ಲಿ ಇದ್ದದ್ದು ಇದೊಂದೇ, ಅದೂ ಬೀಡಿ ಸುತ್ತಿದ್ದರಿಂದ ಬಂದದ್ದು. "ಹುಟ್ಟಿದ್ದರ ಸರ್ಟಿಫಿಕೇಟ್ ತನ್ನಿ ಅಕ್ಕಾ" ಎಂದಳು ಅನಿಷಾ.

ಮನೆಗೆ ಬಂದು ಕೇಳಿದರೆ ವಸಂತ ಆಟೋ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ. "ಅದು ಯಾವಾಗಲೋ ಕಳೆದುಹೋಗಿದೆ."

ಅಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಲೋಲಾಕ್ಷಿ ನೋಡಿಯೂ ನೋಡದವಳಂತೆ ಮರುದಿನ ಬಂಟ್ವಾಳದ ಬಸ್ಸು ಹತ್ತಿದಳು. ಹೆರಿಗೆ ಆದದ್ದು ಅಲ್ಲಿ. ಜನನ ದಾಖಲೆಯ ಆಫೀಸಿನಲ್ಲಿ ಈ ಕಿಟಕಿ, ಆ ಕಿಟಕಿ ಎಂದು ಎರಡು ದಿನ ಅಲೆದ ಮೇಲೆ ನಕಲು ಸಿಕ್ಕಿತು. ತಾಯಿ ಲೋಲಾಕ್ಷಿ, ತಂದೆಯ ಜಾಗದಲ್ಲಿ ತೀರಿಹೋದ ಗಂಡ. ಸರಿ. ಆದರೆ ಮಗುವಿನ ಹೆಸರಿನ ಜಾಗ ಖಾಲಿ. ಹೆಸರಿಡುವ ಮೊದಲೇ ಬರೆಸಿದ್ದರಿಂದ ಬರೀ 'ಹೆಣ್ಣು' ಎಂದಷ್ಟೇ ಇತ್ತು.

ಹೆಸರು ಸೇರಿಸಿ ಕೊಡಿ ಎಂದದ್ದಕ್ಕೆ ಕಿಟಕಿಯ ಗುಮಾಸ್ತ ಶಾಲೆಯ ಕಾಗದವನ್ನು ಅದರ ಪಕ್ಕ ಇಟ್ಟು, "ಇಲ್ಲಿ ಒಬ್ಬ ಅಪ್ಪ, ಅಲ್ಲಿ ಒಬ್ಬ ಅಪ್ಪ. ಎರಡೂ ಒಂದೇ ಮಗು ಅಂತ ನಾನು ಹೇಗೆ ನಂಬುವುದು?" ಎಂದ. "ಈ ವಸಂತ ಎಂಬವರು ನೋಟರಿಯ ಎದುರು ಬರೆದು ಕೊಡಲಿ, ತಾನು ತಂದೆಯಲ್ಲ ಅಂತ. ಆಮೇಲೆ ನೋಡುವ."

ಆ ಸಂಜೆ ಅಡುಗೆಮನೆಯಲ್ಲಿ ಅತ್ತಿಗೆ ಗಂಜಿ ಬಡಿಸುತ್ತಿರುವಾಗಲೇ ಲೋಲಾಕ್ಷಿ ವಿಷಯ ಎತ್ತಿದಳು. ವಸಂತ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಒಂಬತ್ತು ವರ್ಷ ನಾನು ಸಾಕಿದ್ದು. ಈಗ ವಕೀಲರ ಮುಂದೆ ನಿಂತು ಇವಳು ನನ್ನದಲ್ಲ ಅಂತ ಹೇಳಬೇಕಾ?"

"ನೀನು ಸಾಕಿದ್ದನ್ನು ಯಾರು ಇಲ್ಲ ಅಂತಾರೆ ಅಣ್ಣ? ಆದರೆ ಹೇಳದಿದ್ದರೆ ಅವಳು ನನಗೆ ಸಿಗುವುದಿಲ್ಲ."

"ಇಲ್ಲಿ ಅವಳಿಗೆ ಏನು ಕಡಿಮೆಯಾಗಿದೆ?"

ಅತ್ತಿಗೆಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಲೋಲಾಕ್ಷಿಗೆ ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಈ ಮನೆಯ ಅನ್ನ ತಿಂದು ಈ ಮನೆಯ ಮಗುವನ್ನು ಕೇಳುತ್ತಿರುವಂತೆ ಕಂಡಿತು ಅವಳಿಗೇ. ಆದರೂ ಹೇಳಿಬಿಟ್ಟಳು. "ಶುಕ್ರವಾರ ಹನ್ನೊಂದಕ್ಕೆ ಬೆಳ್ತಂಗಡಿಯಲ್ಲಿ ನೋಟರಿ ವಕೀಲರು ಬರಲಿಕ್ಕೆ ಹೇಳಿದ್ದಾರೆ. ನಾನು ಹೋಗಿ ಕೂತುಕೊಳ್ತೇನೆ. ನೀನು ಬಾರದಿದ್ರೆ ನಾನು ಕೆನಡಾಕ್ಕೇ ಹೋಗುವುದಿಲ್ಲ, ಧರ್ಣಪ್ಪನವರಿಗೆ ಫೋನ್ ಮಾಡಿ ಹೇಳ್ತೇನೆ. ಮಕ್ಕಳಿಲ್ಲ ಅಂತ ಮಾತ್ರ ಈ ಕೈಯಿಂದ ಬರೆಯುವುದಿಲ್ಲ."

ಹೇಳಿದ ಮೇಲೆ ತಾನೇನು ಮಾಡಿದೆನೆಂದು ಹೊಳೆಯಿತು. ವಸಂತ ಏನೂ ಮಾಡಬೇಕಾಗಿಲ್ಲ. ಶುಕ್ರವಾರ ಸುಮ್ಮನೆ ಆಟೋ ಸ್ಟ್ಯಾಂಡಿನಲ್ಲಿ ಕೂತರೆ ಸಾಕು, ತಂಗಿಯೂ ಉಳಿಯುತ್ತಾಳೆ, ಮಗುವೂ ಉಳಿಯುತ್ತದೆ.

ಶುಕ್ರವಾರ ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ವಕೀಲರ ಕೋಣೆಯ ಬೆಂಚಿನಲ್ಲಿ ಲೋಲಾಕ್ಷಿ ಸೆರಗಿನ ತುದಿಯನ್ನು ಬೀಡಿಯಂತೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ರಸ್ತೆಯಲ್ಲಿ ಆಟೋ ನಿಂತ ಸದ್ದಾದಾಗಲೆಲ್ಲ ಎದ್ದು ನೋಡಿದಳು. ವಕೀಲರು ಗಡಿಯಾರ ನೋಡಿ, "ನನಗೆ ಕೋರ್ಟು ಉಂಟಮ್ಮ" ಎಂದರು. ಅವಳು ಫೋನು ಕೈಗೆತ್ತಿಕೊಂಡು ಧರ್ಣಪ್ಪನ ಹೆಸರು ಹುಡುಕಿದಳು.

ಆಗ ವಸಂತ ಬಂದ. ಖಾಕಿ ಅಂಗಿ, ಕೈ ಹಿಡಿದುಕೊಂಡು ವಿಸ್ಮಿತಾ. ಶಾಲೆಯಿಂದ ಅರ್ಧಕ್ಕೇ ಕರೆತಂದಿದ್ದಾನೆ, ಯೂನಿಫಾರ್ಮಿನಲ್ಲೇ. "ಒಬ್ಬನೇ ಬರಲಿಕ್ಕೆ ಆಗಲಿಲ್ಲ" ಎಂದಷ್ಟೇ ಹೇಳಿ, ಆಟೋದ ಆರ್‌ಸಿ, ಇನ್ಶೂರೆನ್ಸು ಇಡುವ ಪ್ಲಾಸ್ಟಿಕ್ ಕವರು ಬಿಚ್ಚಿದ. ನಡುವಿನಿಂದ ಒಂದು ಹಳೆಯ ಕಾಗದ ತೆಗೆದು ಮೇಜಿನ ಮೇಲಿಟ್ಟ. ವಿಸ್ಮಿತಾಳ ಜನನ ಪ್ರಮಾಣಪತ್ರ.

"ಕಳೆದಿರಲಿಲ್ಲ ಲೋಲು," ಎಂದ. "ಇವಳು ಹುಟ್ಟಿದಾಗ ಕಿಟಕಿಯಲ್ಲಿ ನಿಂತು ತೆಗೆದುಕೊಂಡದ್ದೇ ನಾನು. ಕಳೆಯುತ್ತೇನಾ?"

ವಕೀಲರು ಬರೆದದ್ದನ್ನು ಗಟ್ಟಿಯಾಗಿ ಓದಿದರು. ಈ ಮಗು ನನ್ನ ಮಗಳಲ್ಲ, ನನ್ನ ತಂಗಿಯ ಮಗಳು. ಶಾಲೆಯಲ್ಲಿ ತಂದೆಯೆಂದು ನನ್ನ ಹೆಸರನ್ನು ತಪ್ಪಾಗಿ ಬರೆಸಿದ್ದೇನೆ. "ಸರಿಯಾ?"

ವಸಂತ ಕಾಗದದ ಆ ಸಾಲಿನ ಮೇಲೆ ಬೆರಳಿಟ್ಟ. "ಸರಿ," ಎಂದ. "ತಪ್ಪಾಗಿ ಎಂಬುದೊಂದನ್ನು ತೆಗೆಯಲಿಕ್ಕೆ ಆಗ್ತದಾ?"

"ಆಗುವುದಿಲ್ಲ."

ಅವನು ಸೈ ಹಾಕಿದ. ವಿಸ್ಮಿತಾ ಕಾಗದಕ್ಕೆ ಬಗ್ಗಿ ನೋಡಿ, "ಮಾಮ, ಇನ್ನು ಶಾಲೆಯ ಮೀಟಿಂಗಿಗೆ ಯಾರು ಬರುವುದು?" ಎಂದು ಕೇಳಿದಳು.

ಪ್ರಮಾಣಪತ್ರದಲ್ಲಿ ಹೆಸರು ಸೇರಿ ಬರಲು ಮತ್ತೆ ಮೂರು ವಾರ ಬೇಕಾಯಿತು. ಅದು ಬಂದ ದಿನ ಮೂವರೂ ಅದೇ ಆಟೋದಲ್ಲಿ ಗುರುವಾಯನಕೆರೆ ದಾಟಿ ಮೂಡುಬಿದಿರೆಗೆ ಹೋದರು. ಪ್ರಭಾಚಂದ್ರ ಮುಖ ಗಂಟಿಕ್ಕಿಕೊಂಡು ಒಳಗೆ ಕೂತಿದ್ದರು. ಅನಿಷಾ ಕಂಪ್ಯೂಟರಿನಲ್ಲಿ ಮಕ್ಕಳ ಸಾಲು ತೆರೆದಳು. ಹೆಸರು, ವಿಸ್ಮಿತಾ. ಸಂಬಂಧ, ಮಗಳು. ಆ ಎರಡು ಪದ ಮೂಡುವುದನ್ನು ನೋಡುತ್ತ ಲೋಲಾಕ್ಷಿಗೆ ಒಂದು ತಿಂಗಳ ಮೇಲೆ ಮೊದಲ ಬಾರಿ ಸರಿಯಾಗಿ ಉಸಿರು ಬಂತು.

"ಮಗು ನಿಮ್ಮ ಜೊತೆಗೆ ಬರುವುದಾ ಅಕ್ಕಾ?"

"ಈಗ ಇಲ್ಲ. ಒಂದು ವರ್ಷ ಕಳೆದ ಮೇಲೆ."

"ಈಗ ಅಂತ ಇದರಲ್ಲಿ ಇಲ್ಲ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಬೇಕು."

ಲೋಲಾಕ್ಷಿ ತಿರುಗಿ ನೋಡಿದಳು. ಬಾಗಿಲಲ್ಲಿ ವಸಂತನೂ ವಿಸ್ಮಿತಾಳೂ ಅವಳ ಬಾಯನ್ನೇ ನೋಡುತ್ತಿದ್ದರು.

"ಇಲ್ಲ," ಎಂದಳು.

ವಿಸ್ಮಿತಾ ಮಾಮನ ಖಾಕಿ ಅಂಗಿಯ ತುದಿ ಹಿಡಿದುಕೊಂಡಳು.