ಕಾಮಣ್ಣನ ತಲೆಯೊಳಗಿನ ಸದ್ದು

ತಲೆಯಲ್ಲಿ ಸದ್ದಾಗುತ್ತದೆ ಎಂದು ಕಾಮಣ್ಣ ಎರಡು ವರ್ಷ ಹೇಳಿದ. ಎರಡು ವರ್ಷವೂ ನಾನು ನಕ್ಕೆ. ಸೊಲ್ಲಾಪುರದ ಮಿಲ್ಲಿನಲ್ಲಿ ಮಗ್ಗ ನಡೆಸುವ ನನಗೆ ಆ ಕೆಲಸವೇ ಪೂರ್ತಿ ಬರುತ್ತಿರಲಿಲ್ಲ. ಇನ್ನೊಬ್ಬರ ಕಾಯಿಲೆಗೆ ಕಾರಣ ಹೇಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಕಾಮಣ್ಣ ಅಕ್ಕಲಕೋಟೆ ಕಡೆಯ ಒಕ್ಕಲುತನದವನು, ನನ್ನ ವಾರಿಗೆಯವನು. ಅಪ್ಪ ತೀರಿದ ಮೇಲೆ ಹೊಲವನ್ನು ಅಣ್ಣಂದಿರಿಗೆ ಬಿಟ್ಟು, ತಾಯಿ ಅಕ್ಕನಾಗಮ್ಮನ ಜೊತೆ ೧೯೨೯ರಲ್ಲಿ ಮಿಲ್ಲಿಗೆ ಬಂದ. ಚಾಳಿನಲ್ಲಿ ನನ್ನ ಪಕ್ಕದ ಖೋಲಿ. ಮಿಲ್ಲಿನ ನೇಯ್ಗೆ ಖಾತೆಯಲ್ಲಿ ನನ್ನಿಂದ ನಾಲ್ಕು ಮಗ್ಗ ಆಚೆ. ಹರಿದ ಎಳೆಯನ್ನು ನಾವು ಕಣ್ಣು ಕಿರಿದು ಮಾಡಿ ಹುಡುಕಿದರೆ ಅವನು ಅಂಗೈ ಆಡಿಸಿ ಹಿಡಿಯುತ್ತಿದ್ದ. ಆ ಗದ್ದಲದಲ್ಲಿ ಮಾತು ಕೇಳಿಸದು. ಕೈಸನ್ನೆ, ತುಟಿಯ ಆಟ, ಅಷ್ಟೇ. ಮನೆಗೆ ಬಂದರೂ ಕಿವಿಯಲ್ಲಿ ಮಗ್ಗ ಬಡಿಯುವುದು ನಮಗೆಲ್ಲ ಇದ್ದದ್ದೇ. ಹಾಗಾಗಿ ಕಾಮಣ್ಣನ ಮಾತು ಯಾರಿಗೂ ಹೊಸದೆನಿಸಲಿಲ್ಲ.

“ಐತವಾರನೂ ಬಿಡಂಗಿಲ್ಲೋ ರಾಚಪ್ಪ. ಮಲಗಿದರ ಇನ್ನೂ ಜಾಸ್ತಿ. ಝುಸ್, ಝುಸ್ ಅಂತೈತಿ.”

“ಸುಮ್ಮಕಿರು. ಮಾಲಕರಿಗೆ ಗೊತ್ತಾದರ ನಿನ್ನ ತಲ್ಯಾಗೂ ಒಂದು ಪಾಳಿ ಶುರು ಮಾಡ್ತಾರ.”

ಮಿಲ್ಲಿಗೆ ರಜೆಯಿದ್ದ ಒಂದು ಐತವಾರ ಮಧ್ಯಾಹ್ನ ಅವನಿಗೆ ಸಿಟ್ಟು ಬಂತು. “ಬಾ ಇಲ್ಲೆ. ಕಿವಿ ಇಟ್ಟು ಕೇಳು,” ಎಂದ. ನಾನು ಡಾಕ್ಟರನ ಗತ್ತಿನಲ್ಲಿ ಕೆಮ್ಮಿ, ಅವನ ಬಲಗಿವಿಯ ಹಿಂದೆ ನನ್ನ ಕಿವಿ ಒತ್ತಿದೆ. ನಗಲು ಬಾಯಿ ಆಗಲೇ ಅರ್ಧ ತೆರೆದಿತ್ತು.

ಝುಸ್. ಝುಸ್. ಝುಸ್.

ನನ್ನ ಕಿವಿಯ ಸದ್ದೇ ಇರಬೇಕೆಂದು ತಲೆ ಎತ್ತಿದೆ, ನಿಂತಿತು. ಮತ್ತೆ ಇಟ್ಟೆ, ಬಂತು. ಅವನ ಮಣಿಕಟ್ಟು ಹಿಡಿದೆ. ನಾಡಿ ಬಡಿದಂತೆಲ್ಲ ಒಳಗೆ ಝುಸ್ ಎನ್ನುತ್ತಿತ್ತು. ಅದು ಮಗ್ಗವಲ್ಲ. ಅವನ ತಲೆಯೊಳಗೆ ನಿಜವಾಗಿಯೂ ಏನೋ ಹರಿಯುತ್ತಿತ್ತು, ನಾನು ಎರಡು ವರ್ಷ ಹಲ್ಲು ಕಿರಿದಿದ್ದೆ.

ಆಸ್ಪತ್ರೆಯಲ್ಲಿ ಪುಣೆಯಿಂದ ಬಂದಿದ್ದ ವಯಸ್ಸಾದ ಡಾಕ್ಟರು ಅವನ ಮುಚ್ಚಿದ ಕಣ್ಣಿನ ಮೇಲೆ ಎದೆಬಡಿತ ಕೇಳುವ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಕಾಗದದ ಮೇಲೆ ಗೆರೆ ಎಳೆದು ಮರಾಠಿಯಲ್ಲಿ ವಿವರಿಸಿದರು. ಎದೆಯಿಂದ ರಕ್ತ ದಪ್ಪ ನಾಳಗಳಲ್ಲಿ ರಭಸದಿಂದ ಬರುತ್ತದೆ. ಆ ನಾಳಗಳು ಕವಲೊಡೆದು ಕೂದಲಿಗಿಂತ ಸಣ್ಣ ಬಲೆಯಾಗುತ್ತವೆ. ಬಲೆಯಲ್ಲಿ ರಭಸ ಇಳಿದ ಮೇಲೆಯೇ ರಕ್ತ ತೆಳುಗೋಡೆಯ ನಾಳಗಳಿಗೆ ಸೇರಿ ಹಿಂದಿರುಗುತ್ತದೆ. ಕಾಮಣ್ಣನ ಮೆದುಳಿನಲ್ಲಿ ಒಂದು ಕಡೆ ಆ ಬಲೆಯೇ ಇಲ್ಲ. ದಪ್ಪ ನಾಳ ನೇರವಾಗಿ ತೆಳು ನಾಳಕ್ಕೆ ಕೂಡಿದೆ. ರಭಸ ತಡೆಯಲಾರದೆ ಅದು ಉಬ್ಬಿ, ಸುತ್ತಿಕೊಂಡು, ಸಿಕ್ಕಾಗಿದೆ. ತಾಯಿಯ ಗರ್ಭದಲ್ಲಿ ನಾಳಗಳು ಮೂಡುವಾಗಲೇ ಹೀಗಾಗುತ್ತದಂತೆ. ಏಕೆಂದು ಯಾರಿಗೂ ತಿಳಿಯದಂತೆ.

“ಬಿಡಿಸಾಕ ಬರಂಗಿಲ್ಲೇನ್ರಿ?” ಎಂದೆ, ನೂಲಿನ ಸಿಕ್ಕು ಎಂಬಂತೆ.

ವಿಲಾಯತಿ ಡಾಕ್ಟರುಗಳೇ ತಲೆ ತೆರೆದು, ಅದನ್ನು ನೋಡಿ, ಮುಟ್ಟಲು ಹೆದರಿ ಮುಚ್ಚಿದ್ದಾರೆ ಎಂದರು. ನಾಳೆ ಒಡೆಯಬಹುದು, ಎಂಬತ್ತು ವರ್ಷವಾದರೂ ಒಡೆಯದಿರಬಹುದು.

ಚಾಳಿಗೆ ಬಂದವನೇ, ಬುದ್ಧಿವಂತನಲ್ಲವೇ, ಅಕ್ಕನಾಗಮ್ಮನಿಗೆ ಒದರಿಬಿಟ್ಟೆ: “ಮಗ್ಗದಿಂದ ಆಗಿದ್ದಲ್ಲ ಯವ್ವ. ನಿನ್ನ ಹೊಟ್ಟ್ಯಾಗಿದ್ದಾಗನ ಸಿಕ್ಕು ಬಿದ್ದೈತಿ.”

ರೊಟ್ಟಿ ತಟ್ಟುತ್ತಿದ್ದ ಮುದುಕಿಯ ಕೈ ಹಿಟ್ಟಿನ ಮೇಲೇ ನಿಂತಿತು.

“ಗ್ರಹಣ,” ಎಂದಳು. “ಕರು ಕಣ್ಣಿ ಹರಕೊಂಡಿತ್ತು. ಅತ್ತಿ ಬ್ಯಾಡ ಬ್ಯಾಡ ಅಂದರೂ ಬಸುರಿ ನಾನು ಗ್ರಹಣದಾಗ ಕುಂತು ಹಗ್ಗ ಹೊಸದೆ. ನಾನ ಹೊಸದೆ, ಅವನ ತಲ್ಯಾಗ.”

ಆ ದಿನ ಅವಳು ಉಣ್ಣಲಿಲ್ಲ. ಮರುದಿನವೂ ಇಲ್ಲ. “ಯವ್ವ, ನಿಂದೇನೂ ತಪ್ಪಿಲ್ಲ,” ಎಂದು ಕಾಮಣ್ಣ ಕಾಲು ಹಿಡಿದರೂ ರೊಟ್ಟಿ ಮುಟ್ಟಲಿಲ್ಲ. ಮೂರನೆಯ ದಿನ ನನಗೆ ಹೊಳೆದದ್ದು ಇಷ್ಟೇ:

“ಅದ ಗ್ರಹಣದಾಗ ನಮ್ಮವ್ವನೂ ಬಸುರಿ ಇದ್ದಳು. ಎರಡು ಸೇರು ಜ್ವಾಳ ಬೀಸ್ಯಾಳ. ಗರಗರ ತಿರುವಿ ಬೀಸ್ಯಾಳ! ನನ್ನ ತಲ್ಯಾಗ ನೋಡು, ಏನೂ ಇಲ್ಲ.”

“ಅದು ಊರಿಗೇ ಗೊತ್ತೈತಿ,” ಎಂದ ಕಾಮಣ್ಣ. ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು, ಅತ್ತಳು, ಅರ್ಧ ರೊಟ್ಟಿ ತಿಂದಳು. ಆ ಗ್ರಹಣದಲ್ಲಿ ನಮ್ಮವ್ವ ಏನು ಮಾಡಿದ್ದಳೋ ನನಗೇನು ಗೊತ್ತು? ಅವಳು ತೀರಿಕೊಂಡು ಹತ್ತು ವರ್ಷವಾಗಿತ್ತು.

೧೯೩೪ರ ಒಂದು ಬೆಳಗಿನ ಪಾಳಿಯಲ್ಲಿ ಕಾಮಣ್ಣ ಮಗ್ಗದ ಬುಡದಲ್ಲಿ ಕುಸಿದ. ಕೂಗಿದ್ದನೋ ಏನೋ. ನಾಲ್ಕು ಮಗ್ಗ ಈಚೆಗಿದ್ದ ನನಗೆ ಕೇಳಿಸಲಿಲ್ಲ. ತಿರುಗಿ ನೋಡಿದಾಗ ಅವನ ಮಗ್ಗ ಒಂದೇ ಸಮನೆ ನೇಯುತ್ತಿತ್ತು, ಮುಂದೆ ಯಾರೂ ಇರಲಿಲ್ಲ.

ಎತ್ತುವಷ್ಟರಲ್ಲಿ ಜೀವ ಹೋಗಿತ್ತು. ಖೋಲಿಗೆ ತಂದು ಮಲಗಿಸಿದೆವು. ಅಕ್ಕನಾಗಮ್ಮ ಅಳಲಿಲ್ಲ. ಬಗ್ಗಿ, ಮಗನ ಬಲಗಿವಿಯ ಹಿಂದೆ ಕಿವಿ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು.

“ನಿಂತೈತಿ,” ಎಂದಳು. ಆಮೇಲೆ ನನ್ನ ಕಡೆ ನೋಡಿದಳು. “ರಾಚಪ್ಪ, ನಿಮ್ಮವ್ವ ಖರೇನ ಬೀಸಿದ್ದಳೇನೋ?”

“ಖರೇನ ಯವ್ವ,” ಎಂದೆ. “ಎರಡಲ್ಲ. ಒಬ್ಬಾಕೀನ ಕುಂತು ನಾಲ್ಕು ಸೇರು ಬೀಸಿದ್ದಳು.”