ಒಂದೇ ದೋಣಿಯವರು ಬೇಡ

ವವಾಉ ದ್ವೀಪದ ಹೈಸ್ಕೂಲಿನಲ್ಲಿ, ಸುತ್ತಲ ಸಣ್ಣ ದ್ವೀಪಗಳಿಂದ ಬಂದು ವಾರವಿಡೀ ಅಲ್ಲೇ ಉಳಿಯುವ ಮಕ್ಕಳಿಂದ ಮೊಬೈಲ್ ಆಪ್ ಮಾಡಿಸುವ ಲೂಪೆ ಟೀಚರಿಗೆ ಆಪ್‌ಗಿಂತ ಗುಂಪು ಕಟ್ಟುವ ಚಿಂತೆಯೇ ದೊಡ್ಡದು. ತರಗತಿಯವರ ಹೆಸರನ್ನೆಲ್ಲ ಚೀಟಿ ಮಾಡಿ, ದನದ ಮಾಂಸದ ಖಾಲಿ ಡಬ್ಬಿಯಲ್ಲಿ ಕುಲುಕಿ, ನಾಲ್ಕು ನಾಲ್ಕಾಗಿ ಎತ್ತುತ್ತಾರೆ. ಎತ್ತಿದ ಮೇಲೆ ‘ಶುಕ್ರವಾರ ಊರಿಗೆ ಯಾವ ದೋಣೀಲಿ ಹೋಗ್ತೀಯೋ?’ ಎಂದು ಪೊಲೀಸರ ಹಾಗೆ ಒಬ್ಬೊಬ್ಬರನ್ನೂ ವಿಚಾರಿಸುತ್ತಾರೆ. ಇಬ್ಬರದು ಒಂದೇ ದೋಣಿಯಾದರೆ ಗುಂಪು ಅಲ್ಲಿಗೇ ಬರಖಾಸ್ತು, ಡಬ್ಬಿ ಮತ್ತೆ ಗಡಗಡ. ಗುಂಪು ಕೂಡುವಷ್ಟರಲ್ಲಿ ಅರ್ಧ ವರ್ಷವೇ ಕಳೆದದ್ದೂ ಉಂಟು. ‘ನಾವ್ ಮಾಡೋದು ಆಪಾ, ದೋಣಿ ಟಿಕೆಟ್ಟಾ ಟೀಚರ್?’ ಎಂದು ತರಗತಿಯ ತುಂಟ ಫಿಲೀಪೆ ಕಿಚಾಯಿಸುತ್ತಾನೆ. ‘ಒಂದೇ ದೋಣಿಯವರಾದ್ರೆ ದಾರೀಲೇ ಕೂತು ಮುಗಿಸ್ತೀವಲ್ಲ!’ ‘ಬಾಯ್ಮುಚ್ಕೊಂಡು ಕೂತ್ಕೊ’ ಎನ್ನುವಾಗ ಟೀಚರ ಮುಖ ಕಪ್ಪಿಡುತ್ತದೆ. ಏಳು ವರ್ಷದ ಹಿಂದೆ ಆ ಮಾತು ಆಡಿದ್ದು ಅವರೇ. ಬೇರೆ ಬೇರೆ ದೋಣಿಯಲ್ಲಿ ಊರಿಗೆ ಹೋಗುತ್ತಿದ್ದ ನಾಲ್ವರನ್ನು ಒಂದು ಗುಂಪು ಮಾಡಿ, ‘ಈ ಸಲ ಒಂದೇ ದೋಣೀಲಿ ಹೋಗಿ, ದಾರೀಲೇ ಮುಗಿಸ್ಬಿಡಿ’ ಎಂದು ಕಳಿಸಿದ್ದರು. ಆ ದೋಣಿ ದಡ ಮುಟ್ಟಲಿಲ್ಲ. ಆ ನಾಲ್ವರ ಹೆಸರಿನ ಚೀಟಿಗಳು ಈಗಲೂ ಡಬ್ಬಿಯಲ್ಲೇ ಇವೆ. ಒಂದೊಂದು ಸಲ ಕೈಗೆ ಬರುತ್ತವೆ. ಟೀಚರು ಆ ಹೆಸರನ್ನು ಗಟ್ಟಿಯಾಗಿ ಓದುವುದಿಲ್ಲ. ‘ಇವರಿನ್ನೂ ಬಂದಿಲ್ಲ’ ಎಂದು ಮತ್ತೆ ಡಬ್ಬಿಗೇ ಹಾಕುತ್ತಾರೆ.